ಐದೂವರೆ ತಾಸು

ಮೊದಲು ಹಿಡದವರು ದಸ್ತಗೀರಸಾಬರು,
ಗೇಟಿನ ಹಂತ್ಯಾಕ ಕೂತು ನೀಲಿ ರಜಿಸ್ಟರಿನ್ಯಾಗ
ಗಾಡಿ ನಂಬರು, ಪೆಟ್ಟಿಗಿ, ವ್ಯಾಳ್ಯಾ ಬರಕೊಳ್ಳಾವರು.
ನಾ ಬರದ ಪ್ರೋಗ್ರಾಮು ಬಂದ ಮ್ಯಾಲೂ
ಅವರು ಬರಿಯೋದು ಬಿಟ್ಟಿರಲಿಲ್ಲ.
ನನಗ ಅದೊಂದು ಸಣ್ಣ ಸಿಟ್ಟು.

'ನೀಲಾ, ನಿನ್ನ ಮಶೀನಿಗೆ ನಸುಕು ಗೊತ್ತಿಲ್ಲವ್ವಾ.
ನಸುಕಿಗೆ ಅದು ನಿನ್ನೆ ಅಂತದ.'

ವಿಜಯಪುರದಿಂದ ತಿಕೋಟಾಕ್ಕ ಹೋಗೋ ರಸ್ತಾದಾಗ
ನಮ್ಮ ಕೋಲ್ಡ್ ಸ್ಟೋರೇಜು.
ಒಣದ್ರಾಕ್ಷಿ, ಹದಿನೈದು ಕಿಲೋದ ಪೆಟ್ಟಿಗಿಯೊಳಗ
ಥಂಡ್ಯಾಗ ಮಲಗಿರತಾವ.
ಬಾಡಿಗಿ ತಿಂಗಳ ಲೆಕ್ಕ.
ಬಾಬಾನಗರದ ಭೌರವ್ವ ಏಪ್ರಿಲ್ ಒಂದಕ್ಕ,
ನಸುಕಿನ ನಾಕೂ ನಲವತ್ತಕ್ಕ,
ಟಂಟಂ ತುಂಬ ಹೇರಿಕೊಂಡು ಬಂದ್ಲು.
ಚೀಟಿ ಬಂತು: ಮಾರ್ಚ್ ಮೂವತ್ತೊಂದು.
ಟಂಟಮ್ಮಿನಿಂದ ಒಂದ ಪೆಟ್ಟಿಗಿ ಇಳಿಸೋದರೊಳಗ
ಪೂರಾ ಒಂದು ತಿಂಗಳ ಬಾಡಿಗಿ ಏರಿತ್ತು.

ನಾ ಅಂದೆ: 'ನನ್ನ ಲ್ಯಾಪ್‌ಟಾಪಿನ್ಯಾಗ ಸರಿ ಅದರೀ.'
'ಇರಬಹುದು,' ಅಂದ್ರು,
'ನಿನ್ನ ಲ್ಯಾಪ್‌ಟಾಪು ಇಲ್ಲಿ ಗೇಟಿಗೆ ನಿಂತಿಲ್ಲಲ್ಲ.'

ಖರೆ. ನಾ ಪರೀಕ್ಷಾ ಮಾಡೋದು ಹನ್ನೊಂದು ಗಂಟೆಕ್ಕ,
ಚಾ ಕುಡದು, ಫ್ಯಾನಿನ ಕೆಳಗ.
ಅಷ್ಟೊತ್ತಿಗೆ ಎಲ್ಲಾ ತಪ್ಪೂ
ಮೈ ತೊಳಕೊಂಡು, ತಲಿ ಬಾಚಿಕೊಂಡು ಕೂತಿರತಾವ.

ಸರ್ವರ್ ಎಲ್ಲಿ ಅದನೋ ನನಗ ಗೊತ್ತಿಲ್ಲ.
ತಿಂಗಳಾ ರೊಕ್ಕ ಕಟ್ಟತೀವಿ, ಮಾರಿ ನೋಡಿಲ್ಲ.
ಅದರ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದ.
ನಾವು ಎದ್ದು, ಕಸ ಹೊಡದು, ಎಮ್ಮಿ ಹಿಂಡಿದ ಮ್ಯಾಲ
ಅದು ಕ್ಯಾಲೆಂಡರಿನ ಹಾಳಿ ಹರೀತದ.

ಐದೂವರೆ ಕೂಡಿಸಿದೆ.
ಎಲ್ಲೆಲ್ಲಿ ತಾರೀಕು ಕಂಡಿತೋ ಅಲ್ಲೆಲ್ಲಾ ಕೂಡಿಸಿದೆ,
ಸಾರಿಗೆ ಉಪ್ಪು ಹಾಕಿದ್ದು ಮರತು
ಮತ್ತೊಮ್ಮೆ ಹಾಕಿದಂಗ.
ಸಂಜಿ ಏಳಕ್ಕ ಬಂದ ಅಮೋಘಸಿದ್ಧನ ಚೀಟಿ
ನಾಳೆದು.

ದಸ್ತಗೀರಸಾಬರು ಟೊಪಿಗಿ ಸರಿ ಮಾಡಿಕೋತ ನಕ್ಕರು:
'ಇದು ನಮ್ಮ ಲೆಕ್ಕ ಬಿಡು.
ಮಗ್ರಿಬ್ ಆತಂದ್ರ ನಮಗ ನಾಳೆ ಸುರು.'
ರೊಕ್ಕ ವಾಪಸ್ ಕೇಳಾಕ ಬಂದಿದ್ದ ಭೌರವ್ವ
ಕಟ್ಟಿ ಮ್ಯಾಲ ಕೂತು ಎಲಿಗೆ ಸುಣ್ಣಾ ಹಚ್ಚಿಕೋತ:
'ಹೊತ್ತು ಹುಟ್ಟೂಮಟ ನಿನ್ನೆನ ತಂಗಿ,
ನಮ್ಮ ಐನಾರೂ ಹಂಗ ಅಂತಾರ.
ನಿನ್ನ ಮಶೀನು ಅಷ್ಟೇನೂ ದಡ್ಡ ಇಲ್ಲ.
ಆದ್ರ ನನ್ನ ರೊಕ್ಕ ಕೊಡು.'

ನಾ ಹುಟ್ಟಿದ್ದೂ ನಸುಕಿನ ನಾಕಕ್ಕ.
ಅವ್ವ ಮಂಗಳವಾರ ಅಂತಾಳ,
ಮುನಸಿಪಾಲ್ಟಿ ಕಾಗದ ಬುಧವಾರ ಅಂತದ.
ಇಷ್ಟು ವರ್ಷ ಅವ್ವನ ತಿದ್ದಕೋತ ಬಂದೀನಿ.

ಕಡೀಕ ಒಂದ ಸಾಲು:
ಇಡೋದು ಅದರ ವ್ಯಾಳ್ಯಾದಾಗ, ತೋರಿಸೋದು ನಮ್ಮ ವ್ಯಾಳ್ಯಾದಾಗ.
ಬರಿಯಾಕ ಒಂದು ನಿಮಿಷ, ಸಿಗಾಕ ನಾಕು ರಾತ್ರಿ.
ಹಳೇ ಚೀಟಿ ಉಳದ್ವು, ನೂರಾ ಹನ್ನೆರಡು.
ಅವಕ್ಕ ಸಾಕ್ಷಿ ನೀಲಿ ರಜಿಸ್ಟರೊಂದ.
ಅವರು ಓದೋದು, ನಾ ಕೀಲಿ ಬಡಿಯೋದು.
'ಕನಮಡಿ ಗಾಡಿ, ಮೂರೂ ಐವತ್ತು, ಎಂಬತ್ತು ಪೆಟ್ಟಿಗಿ,
ಮಂಜು ಬಿದ್ದಿತ್ತು, ಡ್ರೈವರಗ ಜ್ವರಾ.'
ಮಂಜಿಗೆ, ಜ್ವರಕ್ಕ
ನನ್ನ ಪ್ರೋಗ್ರಾಮಿನ್ಯಾಗ ಖಾನೇನ ಇಲ್ಲ.

ಈ ಸಲ ಪರೀಕ್ಷಾಕ್ಕ ನಸುಕಿಗೇ ಬಂದೀನಿ.
ಅವರ ಸ್ಟೂಲಿನ ಮ್ಯಾಲ ಲ್ಯಾಪ್‌ಟಾಪು ಇಟ್ಟೀನಿ,
ಗೇಟಿಗೆ ಮಾರಿ ಮಾಡಿ.
ದೂರ ಒಂದು ಟಂಟಮ್ಮಿನ ದೀಪ, ಒಂದ ಕಣ್ಣಿಂದು.
ನಾ ಗುಂಡಿ ಒತ್ತಿದೆ, ಅವರು ಬರದರು.
ಐದೂ ಹದಿನೆಂಟು.
ತಾರೀಕು ಇಬ್ಬರದೂ ಒಂದ ಬಂತು.

ಅವರು ಪೆನ್ನಿನ ಮುಚ್ಚಳಾ ಹಾಕಲಿಲ್ಲ.
ನಾನೂ ಹಾಕ್ರಿ ಅನಲಿಲ್ಲ.