ಒಂದು ಸೀಟಿ

ಅಣ್ಣಿಗೇರಿ ಬಸ್ಸಿನ್ಯಾಗ ನಾನು ಭಾಳ ಸಮಾಧಾನದಾಕಿ.
ಹತ್ತು ರೂಪಾಯಿ ಟಿಕೀಟಿಗೆ ಐನೂರರ ನೋಟು ಚಾಚಿದವಗೂ
‘ಇಳಿಯೂ ಮುಂದ ಚಿಲ್ಲರ ಇಸ್ಕೊ, ಯಣ್ಣಾ.’
ಮನಿಗೆ ಬಂದ್ರ
ಹೆಗ್ಗೇರಿ ಓಣಿ ತುದಿತನಕ ನನ್ನ ದನಿ.
ಬರೇ ಒಂದು ಬೂಟಿನ ಸಲುವಾಗಿ,
ಪೆನ್ಸಿಲ್ ತುಂಡಿನ ಸಲುವಾಗಿ.

ಅವತ್ತು ದಾನಿ ಹಾಲಿನ ಬೋಗಾಣಿ ಕೆಡವಿದ್ಲು.
ಕೈ ಎತ್ತಿದೆ.
ಆಕಿ ಕಣ್ಣು ಗಟ್ಟಿ ಮುಚ್ಚಿದ್ದು ನೋಡಿದೆ.
ಪೆಟ್ಟು ಬೀಳಲಿಲ್ಲ. ಬಿದ್ದಂಗನ ಆತು.

ಈಗ ಹೊಸ್ತಲದ ಹೊರಗ ನಿಲ್ತೀನಿ.
ನಳದ ಬುಡಕ ಕಾಲು, ಮಾರಿಗೆ ಎರಡು ಬೊಗಸಿ ನೀರು,
ಖಾಕಿ ಅಂಗಿ ಗೂಟಕ್ಕ.
ಆಮ್ಯಾಲೆ ‘ದಾನಿ’ ಅಂತೀನಿ.
ಡಿಪೋದಾಗ ಲೆಕ್ಕ ಕೊಡಾಕ ಅರ್ಧ ತಾಸು ಕುಂದರತೀನಿ,
ಇಲ್ಲಿ ಎರಡು ನಿಮಿಷ ಹೆಚ್ಚೇನು?

ಆದ್ರೂ ನಿನ್ನೆ ಬಾಯಿ ಹಾರಿತು.
ಮಗ್ಗಿ ಪುಸ್ತಕ ಸಾಲ್ಯಾಗ ಬಿಟ್ಟು ಬಂದಿದ್ಲು.
ನಾನು ಒದರೂ ಹೊತ್ತಿಗೆ
ದಾನಿ ನನ್ನ ಚೀಲ ತಡಕಿ,
ಸೀಟಿ ಬಾಯಿಗಿಟ್ಟು
ಒಂದ ಸಲ ಊದಿದ್ಲು.

ಒಂದು ಸೀಟಿ ಅಂದ್ರ ನಿಲ್ಲಬೇಕು.
ನಿಂತೆ.
ಸಿಟ್ಟು ಇಳ್ಯಾಕ, ನಗಿ ಹತ್ತಾಕ,
ಬಾಗಿಲದಾಗ ಗದ್ದಲೋ ಗದ್ದಲ.
ತಡೀರಿ, ಇಳಿಯೋರು ಮೊದಲ ಇಳೀಲಿ.

ಡಬಲ್ ಸೀಟಿ
ಆಕಿ ಇನ್ನೂ ಕೊಟ್ಟಿಲ್ಲ.