ಬರ್ ಬರ್

ಚಾಮರಾಜಪೇಟೆಯ ಸಂಜೆ ಕಾಲೇಜು.
ಹಗಲಲ್ಲಿ ಇದು ಪ್ರೈಮರಿ ಶಾಲೆ, ಬೆಂಚು ಮೊಣಕಾಲಿಗೆ ಬಡಿಯುತ್ತದೆ.
ಅಳಿಸದೆ ಬಿಟ್ಟ ಒತ್ತಕ್ಷರಗಳ ಪಕ್ಕದಲ್ಲಿ
ಬರೆದೆ: ಬಾರ್ಬರೋಸ್.
ಗ್ರೀಕರ ಕಿವಿಗೆ ಪರದೇಶಿಯ ಮಾತೆಲ್ಲ
ಬರ್ ಬರ್ ಅಂತ ಕೇಳಿಸಿತಂತೆ,
ಅದೇ ಹೆಸರಾಯಿತು.

ಮೊದಲು ಅವರೂ ಒಂದಾಗಿರಲಿಲ್ಲ, ಅಂದೆ.
ಅಥೆನ್ಸಿನವನಿಗೆ ಸ್ಪಾರ್ಟಾದವನ ಮುಖ ಕಂಡರಾಗದು.
ಪರ್ಷಿಯದ ಹಡಗು ಕೊಲ್ಲಿಗೆ ನುಗ್ಗಿದ ವರ್ಷ
ಥಟ್ಟನೆ ನೆನಪಾಯಿತು, ನೆತ್ತರು ಒಂದೇ, ನುಡಿ ಒಂದೇ ಅಂತ.
ಅವನು ಷರಾಯಿ ತೊಡುತ್ತಾನೆ, ನಾವು ತೊಡೆವು.
ಅವನು ದೊರೆಗೆ ಅಡ್ಡ ಬೀಳುತ್ತಾನೆ,
ನಾವು ನಿಂತುಕೊಂಡೇ ಜಗಳವಾಡುತ್ತೇವೆ.
ಬರೆದುಕೊಳ್ಳಿ, ಐದು ಅಂಕಕ್ಕೆ ಬರುತ್ತದೆ.

ಊರ ಕಾವಲಿಗೆ ಮಾತ್ರ ಸಿಥಿಯದ ಬಿಲ್ಲಾಳುಗಳು.
ಅವರ ಮುರುಕು ಗ್ರೀಕನ್ನು ರಂಗದ ಮೇಲೆ ಅಣಕಿಸಿ
ಹೊಟ್ಟೆ ಹಿಡಿದು ನಗುತ್ತಿದ್ದರು.
ಕೆಳಗೆ ಗೇಟಿನಲ್ಲಿ ತಿಲಕ್ ಥಾಪಾ ಶೀಟಿ ಊದಿದ,
'ಗಾಡಿ ಇಲ್ಲಿ ಇಡಬಾರ್ದು' ಅನ್ನುವುದನ್ನು
ಅವನಿಗೆ ಬಂದ ಹಾಗೆ ಹೇಳಿದ.
ಹಿಂದಿನ ಬೆಂಚು ಕಿಸಕ್ಕೆಂದಿತು.
ನಾನೂ ತುಟಿ ಕಚ್ಚಿಕೊಂಡೆ.

ನಮ್ಮಜ್ಜಿ ಪಕ್ಕದ ಮನೆಯವರ ಮಾತಿಗೆ ಹೇಳುತ್ತಿದ್ದಳು,
'ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ.'
ಅವಳು ಬಯ್ಯುವುದು ತೆಲುಗಿನಲ್ಲಿ,
ದೇವರ ಹತ್ತಿರ ಕನ್ನಡ,
ಹೂವಿನ ಮೊಳದ ಲೆಕ್ಕ ಮಾತ್ರ ತಮಿಳು:
ಒಣ್ಣು, ರೆಂಡು, ಮೂಣು.
ಅವಳ ಡಬ್ಬದಲ್ಲಿ ಕಲ್ಲು ಎಷ್ಟಿದ್ದವೋ.

ಕೊನೆಗೆ ಎದ್ದವನು ಮಡಿವಾಳಪ್ಪ, ಆಳಂದದ ಕಡೆಯವನು,
ರಾತ್ರಿಪಾಳಿಗೆ ಪಾರ್ಕಿಂಗ್ ಚೀಟಿ ಹರಿಯುವವನು.
ಬಾಯಿ ತೆರೆದರೆ ಸಾಕು,
'ಬಂದ್ಲು ನೋಡ್ರೀ ಕನ್ನಡಮ್ಮ' ಎಂದು ಇವರ ಕುಹಕ.
'ಮೇಡಮ್ಮಾರ, ಅವ್ರು ಬರ್ ಬರ್ ಅಂದಿರಲಿಕ್ಕಿಲ್ರಿ.
ಬರ್ರಿ, ಬರ್ರಿ ಅಂದಿರಬೇಕು.
ಒಳಗ ಕರದಾರ.
ಇವ್ರಿಗೆ ತಿಳದಿಲ್ಲ.'

ಫ್ಯಾನು ಒಂದು ಸುತ್ತು ತಿರುಗುವಷ್ಟು ಹೊತ್ತು
ಯಾರೂ ನಗಲಿಲ್ಲ. ಆಮೇಲೆ ನಕ್ಕರು.

ಈಜಿಪ್ಟಿನ ಮರಳಲ್ಲಿ ಸಿಕ್ಕ ಹರಕು ಹಾಳೆಯೊಂದರಲ್ಲಿ
ಗ್ರೀಕರ ಒಂದು ನಗೆನಾಟಕ ಇದೆ.
ಅದರಲ್ಲಿ ಕಡಲ ದಂಡೆಯ ಮೇಲೆ ಬಡಬಡಿಸುವವರದು
ಕನ್ನಡವೇ ಇರಬಹುದು ಎನ್ನುವವರಿದ್ದಾರೆ,
ಅಲ್ಲ ಎನ್ನುವವರೂ.
ಹೇಳೋಣವೆಂದುಕೊಂಡೆ. ಗಂಟೆ ಹೊಡೆಯಿತು.

ಪರೀಕ್ಷೆಯಲ್ಲೂ ಅವನು ಅದನ್ನೇ ಬರೆದಿದ್ದ,
'ಬರ್ರಿ' ಕೆಳಗೆ ಎರಡು ಗೆರೆ ಎಳೆದು.
ವಿಶ್ವವಿದ್ಯಾಲಯದ ಮಾದರಿ ಉತ್ತರದಲ್ಲಿ
ನಾಲ್ಕು ಅಂಶಗಳಿದ್ದವು, ಇದು ಇರಲಿಲ್ಲ.
ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಅರ್ಧ ಅಂಕ ಕೊಟ್ಟೆ.
ಮಿಕ್ಕರ್ಧಕ್ಕೆ ನನ್ನಲ್ಲಿ ಕಾರಣವಿಲ್ಲ.