ಒಂದೇ ಮಿನಾರು

ಗುಂತಕಲ್ ಗಾಡಿಗೆ ಇನ್ನೂ ಎರಡು ತಾಸು.
ರಾಯಚೂರಿನ ಬಿಸಿಲು ಹೆಗಲ ಚೀಲಕ್ಕಿಂತ ಭಾರ.
ಏಕ್ ಮಿನಾರ್ ಎಲ್ಲಿ ಎಂದರೆ
ಆಟೋದವ ನಕ್ಕು ಬೆರಳು ಮೇಲೆತ್ತಿದ:
ಅದರ ಬುಡದಲ್ಲೇ ನಿಂತಿದ್ದೆ.

ಫೋಟೊದೊಳಗೆ ಹಿಡಿಯಲಿಲ್ಲ.
ತುದಿಯ ಗುಮ್ಮಟ ಬಂದರೆ ಬಾಗಿಲಿಲ್ಲ,
ಬಾಗಿಲು ಬಂದರೆ ಗುಮ್ಮಟವಿಲ್ಲ.
ಹಿಂದೆ ಸರಿದೆ, ಇನ್ನೂ ಹಿಂದೆ,
ಬೀಗದ ಅಂಗಡಿಯ ಮೆಟ್ಟಿಲು ಹಿಮ್ಮಡಿಗೆ ತಾಗುವತನಕ.
"ಎಲ್ಲಾರೂ ಇಲ್ಲಿಗೇ ಬರ್ತಾರ್ರಿ" ಎಂದರು ಲಾಡ್ಲೇಸಾಬರು,
ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಡುತ್ತ.

ಕೇಳಿಯೇಬಿಟ್ಟೆ: ಇನ್ನೊಂದು ಯಾಕೆ ಕಟ್ಟಲಿಲ್ಲ?
ದುಡ್ಡು ಮುಗಿಯಿತೆ? ಸುಲ್ತಾನ ಸತ್ತನೆ? ದಂಡು ಬಂತೆ?
ಅವರು ಬೀಗ ಅಲ್ಲಾಡಿಸಿ ಕಿವಿಗಿಟ್ಟುಕೊಂಡರು.
"ಎರಡು ಇದ್ದಿದ್ರ, ಹಿಂಗ ನಿಂತು ಕೇಳ್ತಿದ್ರೇನ್ರಿ?"

ಒಳಗೆ ಸುತ್ತು ಮೆಟ್ಟಿಲಿವೆಯಂತೆ, ಅವರಜ್ಜ ಹತ್ತಿದ್ದನಂತೆ,
ಮೇಲಿನ ಗಾಳಿಯೇ ಬೇರೆಯಂತೆ.
ನನಗೆ ಸಿಕ್ಕಿದ್ದು ಇಷ್ಟು:
ಐದುನೂರು ವರ್ಷದ ಗೋಡೆ,
ಅಂಗೈ ಇಟ್ಟರೆ ರೊಟ್ಟಿ ಹಂಚಿನಂತೆ ಸುಡುವ ಮಗ್ಗುಲು,
ಬಳಸಿ ಹೋದರೆ ತಣ್ಣಗಿನ ಮಗ್ಗುಲು.
ನಡುವಿನ ಗೆರೆ ಎಲ್ಲೆಂದು ಬೆರಳಾಡಿಸಿದೆ. ಸಿಗಲಿಲ್ಲ.

ರಸ್ತೆಗೆ ಬಿದ್ದ ನೆರಳು ಸಪೂರ.
ಅದರೊಳಗೆ ಒಬ್ಬರ ಹಿಂದೊಬ್ಬರು
ಕಬ್ಬಿನಹಾಲಿನ ಗಾಡಿ, ಚಪ್ಪಲಿ ಹೊಲಿಯುವವ,
ಹತ್ತಿ ಮಾರಿ ಬಂದ ಇಬ್ಬರು ಭಾವಮೈದುನರು,
ಯಾರದೋ ಆಡು.
ನೆರಳು ಸರಿದಂತೆ ಎಲ್ಲರೂ ತುಸು ಸರಿಯುತ್ತಾರೆ,
ಮಾತು ನಿಲ್ಲಿಸದೆ.

"ಬರ್ರಿ, ಜಾಗ ಅದ" ಎಂದಳು ಗಾಡಿಯ ಹುಲಿಗೆಮ್ಮ,
ಲೋಟಕ್ಕೆ ಲಿಂಬೆ ಹಿಂಡಿ.
ಚೀಲ ಇಳಿಸಿ ಆಡಿನ ಪಕ್ಕ ನಿಂತೆ.

ರೈಲಿನ ಹೊತ್ತಾಗುವಷ್ಟರಲ್ಲಿ
ಎರಡು ಸಲ ನಾನೂ ಸರಿದಿದ್ದೆ.